ಕಳೆಯ ಮುಯ್ಯಿ

ಶಿವರಾತ್ರಿ ಕಳೆದಿತ್ತು. ಬೆಳಗಿನ ಚಳಿ ಹೊತ್ತೇರುವುದರೊಳಗೆ ಎಲ್ಲೋ ಹೋಗಿಬಿಡುತ್ತಿತ್ತು. ಅಡರಕಟ್ಟಿಯ ಕರಿ ಮಣ್ಣಿನ ಎರಿ ಹೊಲಗಳಲ್ಲಿ ಹತ್ತಿ ಎರಡನೆಯ ಸಲ ಬಿರಿದು ನಿಂತಿತ್ತು. ಮಂಜು ಆರುವ ಮೊದಲೇ ಬಿಡಿಸಿದರೆ ಒಣಗಿದ ಎಲೆಯ ಪುಡಿ ಹತ್ತಿಗೆ ಅಂಟುವುದಿಲ್ಲವೆಂದು ಹೆಂಗಸರು ನಸುಕಿನಲ್ಲೇ ಉಡಿ ಕಟ್ಟಿಕೊಂಡು ಸಾಲು ಹಿಡಿದಿದ್ದರು. ದುರಗವ್ವನ ಹೊಲದಲ್ಲಿ ಒಂದು ಸಾಲು ದುರಗವ್ವನದು, ಪಕ್ಕದ್ದು ಅಮೀನಬಿಯದು.

ಅಮೀನಬಿ ಪಿಂಜಾರ ಕರೀಮಸಾಬನ ತಂಗಿ. ಮದುವೆಯಾದ ಮರುವರ್ಷವೇ ಅವಳ ಗಂಡ ಅಬ್ದುಲಗನಿ ಕರಾಚಿಯ ಬಂದರಿನಲ್ಲಿ ಕೆಲಸವಿದೆಯೆಂದು ಹೊರಟಿದ್ದ. ಆಗ ಗದಗದಲ್ಲಿ ರೈಲಿನ ಟಿಕೀಟು ತೆಗೆಸಿದರೆ ಮುಗಿಯಿತು, ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಅಲ್ಲಿರುವಾಗಲೇ ನಡುವೆ ಗಡಿ ಬಿತ್ತು. ಇತ್ತ ಲಕ್ಷ್ಮೇಶ್ವರದ ಮೇಲಿದ್ದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ಅಣ್ಣನ ಮನೆಗೆ ಬಂದ ಅಮೀನಬಿ ಅವನ ತುಂಡು ಹೊಲ ನೋಡಿಕೊಂಡು ಉಳಿದಳು. ಈಗ ಅಬ್ದುಲಗನಿಗೆ ನೌಕರಿ ಗಟ್ಟಿಯಾಗಿ, ಇರಲು ಒಂದು ಖೋಲಿ ಸಿಕ್ಕಿತ್ತು. ಹೆಂಡತಿ ಬರಲಿ ಎಂದು ಹೇಳಿ ಕಳಿಸಿದ್ದ. ಆದರೆ ಈಗ ಹೋಗಬೇಕೆಂದರೆ ಪಾಸ್‌ಪೋರ್ಟು ಬೇಕು, ಅದರ ಮೇಲೆ ವೀಸಾ ಬೇಕು.

ಕರೀಮಸಾಬ ಗದಗದಲ್ಲಿ ವಿಚಾರಿಸಿಕೊಂಡು ಬಂದು ಮೊನ್ನೆ ತಂಗಿಯನ್ನು ಕೂರಿಸಿಕೊಂಡು ಹೇಳಿದ್ದ.

"ಎರಡು ದಾರಿ ಅದಾವ ನೋಡು. ಒಂದು ಮೂರು ತಿಂಗಳದ್ದು. ಹೋಗಿ, ನೋಡಿ, ಹೊಳ್ಳಿ ಬರೂದು. ಇನ್ನೊಂದು ಕಾಯಂ ಹೋಗೂದು. ಅದನ್ನ ತಗೊಂಡ್ರ ನೀ ಅಲ್ಲಿಯಾಕಿ. ಆಮ್ಯಾಲೆ ನನ್ನ ಮನಿಗೆ ಬರಬೇಕಂದ್ರೂ ಅಲ್ಲಿಂದ ವೀಸಾ ಕೇಳಬೇಕು."

"ಅವರ ಇತ್ತ ಬಂದ್ರ?"

"ಅದಕ್ಕ ಇನ್ನೂ ಬಿಗಿ ಐತಂತ. ಬಂದ್ರ ನೌಕರಿನೂ ಹೊಕ್ಕೈತಿ. ಕಾಯಂದ ಬರಸೂಣು ಬಿಡು. ಗಂಡನ ಮನಿಗೆ ಹೋಗಾಕಿ ಮೂರು ತಿಂಗಳಕ್ಕಂತ ಹೊಕ್ಕಾಳೇನು?"

"ಸೋಮವಾರ ಹೇಳತೀನಿ," ಅಂದಿದ್ದಳು ಅಮೀನಬಿ. ಸೋಮವಾರ ನಾಳೆಗೆ ಬಂದಿತ್ತು. ಅರ್ಜಿ ಹಿಡಿದುಕೊಂಡು ಕರೀಮಸಾಬ ಮುಂಬಯಿಗೆ ಹೊರಡುವವನಿದ್ದ. ಹತ್ತಿ ಬಿಡಿಸುವ ಕೈ ತನ್ನಷ್ಟಕ್ಕೆ ಓಡುತ್ತಿದ್ದರೂ ಅವಳ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅರ್ಧ ಸಾಲು ಆದ ಮೇಲೆ ದುರಗವ್ವ ಇನ್ನೂ ಒಂದು ಮಾತೂ ಆಡಿಲ್ಲವೆಂಬುದು ಅವಳ ಲಕ್ಷ್ಯಕ್ಕೆ ಬಂತು. ಮುಂಜಾನೆ ಎದ್ದರೆ ಊರಿನ ಖಬರನ್ನೆಲ್ಲ ಹೊಲಕ್ಕೆ ಹೊತ್ತು ತರುವ ಹೆಂಗಸು.

"ಯಾಕ ದುರಗಕ್ಕ, ಬಾಯಿಗೆ ಕೀಲಿ ಹಾಕ್ಕೊಂಡು ಬಂದೀಯಲ್ಲ?"

"ಲೆಕ್ಕ ಹರಕೊಂಡವರ ಕೂಡ ನಂದೇನ ಮಾತು?"

"ಏನ ಲೆಕ್ಕ?"

ದುರಗವ್ವ ಸೊಂಟದ ಚಂಚಿಯಿಂದ ಮಡಚಿದ ನೋಟು ತೆಗೆದು ಚಾಚಿದಳು. "ನಿಮ್ಮಣ್ಣ ನಿನ್ನೆ ಸಂಜಿಗೆ ಬಂದು ಕಟ್ಟಿ ಮ್ಯಾಲೆ ಇಟ್ಟು ಹೋದ. ಕಳೆ ತಗದಿದ್ದಕ್ಕ ಕೂಲಿಯಂತ. ನಾ ನಿಮ್ಮನಿಗೆ ಕೂಲಿಗೆ ಬಂದಿದ್ನೇನು?"

ಅಮೀನಬಿಯ ಕೈ ನಿಂತಿತು. ಹೋದ ಮುಂಗಾರಿನಲ್ಲಿ ದುರಗವ್ವ ಮೂರು ದಿನ ಅವಳ ಶೇಂಗಾದ ಕಳೆ ತೆಗೆದಿದ್ದಳು. ತಿರುಗಿ ದುರಗವ್ವನ ಹೊಲಕ್ಕೆ ಹೋಗುವ ಹೊತ್ತಿಗೆ ಅಮೀನಬಿಗೆ ಚಳಿಜ್ವರ ಬಂದು, ಆ ಮುಯ್ಯಿ ಹಾಗೇ ಉಳಿದಿತ್ತು. ಈಗಿನ ಹತ್ತಿಯ ಲೆಕ್ಕ ಬೇರೆ. ಇವಳದಕ್ಕೆ ಅವಳು, ಅವಳದಕ್ಕೆ ಇವಳು, ದಿನಕ್ಕೆ ದಿನ ಸರಿಹೋಗಿತ್ತು. ಮುಯ್ಯಿ ಅಂದರೆ ಕಳೆಗೆ ಕಳೆ, ಹತ್ತಿಗೆ ಹತ್ತಿ. ಒಂದರ ಋಣ ಇನ್ನೊಂದರಲ್ಲಿ ತೀರುವುದಿಲ್ಲ. ಅದಕ್ಕೆ ರೊಕ್ಕ ಕೊಡುವುದೆಂದರೆ ಇನ್ನು ನಿಮ್ಮ ಹೊಲಕ್ಕೆ ನಾವು, ನಮ್ಮ ಹೊಲಕ್ಕೆ ನೀವು ಬರುವುದು ಬೇಡ ಎಂದಂತೆ. ದಿನವಿಡೀ ಹತ್ತಿ ಹಿಂಜುವ ಕರೀಮಸಾಬನಿಗೆ ಕೂಲಿ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

"ನಾ ಕಳಿಸಿಲ್ಲ ಬೇ," ಅಂದಳು.

"ನೀ ಕಳಿಸಿಲ್ಲ ಅನ್ನೂದು ಗೊತ್ತೈತಿ. ನೀ ಕಾಯಂ ಹೋಗಾಕಿ ಅಂತ ಅವ ಮನಸಿನ್ಯಾಗ ಮಾಡಿದ್ದಕ್ಕ ತಂದು ಇಟ್ಟಾನ. ಹೊಕ್ಕೀ ಅಂದ್ರ ಹೋಗವ್ವಾ. ಗಂಡ ಕರದ್ರ ಬ್ಯಾಡನ್ನಾಕ ನಾ ಯಾರು?" ದುರಗವ್ವ ಒಂದು ಗಿಡ ಪೂರ್ತಿ ಬಿಡಿಸಿದ ಮೇಲೆ ಮತ್ತೆ ಅಂದಳು: "ಖರೆ, ನನಗ ಒಂದು ಮಾತ ಹೇಳಬೇಕಾಗಿತ್ತು ನೀನು."

"ಹೇಳಾಕ ನನಗ ಗೊತ್ತಿರಬೇಕಲ್ಲ."

"ಹಂಗಾರ ನಿಂದ ಇನ್ನೂ ಠರಾವ ಆಗಿಲ್ಲ?"

"ಇಲ್ಲ."

"ನಿಮ್ಮಣ್ಣಂದು ಆಗೇತಲ್ಲ," ಅಂದು ದುರಗವ್ವ ನಕ್ಕಳು. ಅಮೀನಬಿಗೂ ನಗು ಬಂತು, ಆದರೆ ಬಹಳ ಹೊತ್ತು ಉಳಿಯಲಿಲ್ಲ. ಅವಳು ನೋಟು ಇಸಿದುಕೊಂಡು ಸೆರಗಿಗೆ ಗಂಟು ಹಾಕಿದಳು.

"ಇನ್ನು ಮೂರು ದಿನ ನಿನ್ನ ಹತ್ತಿ ಬಿಡಿಸಿಕೊಟ್ರ ನಡಿಯೂದಿಲ್ಲನು?"

"ಒಲ್ಲೆ. ಕಳೆ ತಗದೀನಿ, ಕಳೆನ ತಗದುಕೊಡು. ನೀ ಬರಲಿಲ್ಲಂದ್ರ ನಾ ಏನ ಕರಾಚಿಗೆ ಬಂದು ಕೇಳತೀನಿ? ಬಿಡ್ತೀನಿ. ಆದ್ರ ಹತ್ತಿ ಒಲ್ಲೆ."

ಕಳೆ ಬರುವುದು ಮಳೆ ಬಿದ್ದು ಶೇಂಗಾ ಎದ್ದ ಮೇಲೆ.

ಸಂಜೆ ಮನೆಗೆ ಬಂದಾಗ ಕರೀಮಸಾಬ ಹಿಂಜುವ ಕಮಾನಿಗೆ ಹೊಸ ನಾರು ಬಿಗಿಯುತ್ತಿದ್ದ. ಅಮೀನಬಿ ಗಂಟು ಬಿಚ್ಚಿ ನೋಟನ್ನು ಅವನ ಮುಂದೆ ಇಟ್ಟಳು.

"ಹೊಳ್ಳಿ ಬಂತೇನು? ಕಡಿಮಿ ಆತಂತನು?"

"ಕಡಿಮಿ ಅಲ್ಲ. ಕೊಡಬಾರದಾಗಿತ್ತು. ಮುಯ್ಯಿ ಅದು."

ಅವನು ನಾರು ಹಿಡಿದ ಕೈ ಸಡಿಲಿಸಿ ತಂಗಿಯ ಮುಖ ನೋಡಿದ. "ನಿನ್ನ ಮ್ಯಾಲೆ ಯಾರ ಋಣಾನೂ ಇರಬಾರದು ಅಂತ ಕೊಟ್ಟೆ ತಂಗಿ. ಹೋಗಾಕಿ ಹಗೂರ ಹೋಗಲಿ ಅಂತ."

"ಗೊತ್ತಾತು. ಅಣ್ಣಾ, ಮೂರು ತಿಂಗಳದ್ದು ಬರಸು."

ಕರೀಮಸಾಬ ಸಿಟ್ಟಾಗಲಿಲ್ಲ. ಕಮಾನನ್ನು ಗೋಡೆಗೆ ಆನಿಸಿದ. "ದುರಗವ್ವ ಹೇಳಿದ್ಲೇನು?"

"ಆಕಿ ಹೋಗು ಅಂದ್ಲು. ನಾ ಅವರ ಕೂಡ ಇದ್ದದ್ದು ಒಂದ ವರ್ಷ. ಬಿಟ್ಟು ಎಂಟು ವರ್ಷ ಆತು. ನಕ್ಕರ ಹ್ಯಾಂಗ ನಗತಿದ್ರು, ಅದೂ ನೆನಪಿಲ್ಲ. ಮೊದಲ ಹೋಗಿ ನೋಡತೀನಿ. ಚೊಲೊ ಅನಿಸಿದ್ರ ಅಲ್ಲಿಂದನ ಕಾಯಂದು ಕೇಳತೀನಿ."

"ಆವಾಗ ಕೊಡಲಿಲ್ಲಂದ್ರ? ಇವತ್ತ ಬಾಗಿಲು ತಗದೈತಿ, ನಾಳೆ ಮುಚ್ಚಿದ್ರ?"

ಅವಳು ಅದನ್ನೂ ಯೋಚಿಸಿದ್ದಳು. ಸಾಲಿನ ಕೊನೆಯ ತನಕ ಅದನ್ನೇ ಯೋಚಿಸಿದ್ದಳು.

"ಕೊಡಲಿಲ್ಲಂದ್ರ ಬಂದು ದುರಗಕ್ಕನ ಶೇಂಗಾದಾಗ ಕಳೆ ತಗೀತೀನಿ."

"ಕೊಟ್ರ?"

ಅಮೀನಬಿ ಉಡಿ ಬಿಚ್ಚಿದಳು. ತಳದಲ್ಲಿ ಸಿಕ್ಕಿದ್ದ ನಾಲ್ಕು ಎಳೆ ಹತ್ತಿಯನ್ನು ಬೆರಳಿನಿಂದ ತೆಗೆದು ಅಣ್ಣನ ರಾಶಿಯ ಮೇಲೆ ಹಾಕಿದಳು.

"ಕೊಟ್ರ ಆ ಮುಯ್ಯಿ ಉಳೀತೈತಿ," ಅಂದು ಒಲೆ ಹೊತ್ತಿಸಲು ಹೋದಳು.