ಹಗ್ಗ ಎಳೆದವರು

ಆರ್ಕಿಮಿಡೀಸನ ಬಂಧುಗಳನ್ನು ಯಾರೂ ಮುಟ್ಟಕೂಡದೆಂದು ರೋಮಿನ ಸೇನಾಪತಿ ಡಂಗುರ ಹೊಡೆಸಿದ ದಿನ, ನಮ್ಮ ಸಿರಕ್ಯೂಸಿನಲ್ಲಿ ಆ ಮುದುಕನಿಗೆ ದಿಢೀರನೆ ಹುಟ್ಟಿಕೊಂಡ ನೆಂಟರಿಗೆ ಲೆಕ್ಕವಿರಲಿಲ್ಲ. ಬದುಕಿದ್ದಾಗ, ಮೀಯುವುದನ್ನೂ ಮರೆತು ಒಲೆಯ ಬೂದಿಯಲ್ಲಿ ವೃತ್ತ ಬರೆಯುವ ಹುಚ್ಚನೆಂದು ಬೀದಿಯ ಹೆಂಗಸರು ಮೂಗು ಮುರಿಯುತ್ತಿದ್ದರು. ಕೊಂದವರೇ ಈಗ ಅವನಿಗೆ ಗೋರಿ ಕಟ್ಟಿಸುತ್ತಿದ್ದರು.

ನಿಜವಾದ ಬಂಧು ಪಕ್ಕದ ಮನೆಯ ಮೆಲಿತ್ತ ಅತ್ತೆ, ಅವನ ತಂಗಿಯ ಮಗಳು. ಅವಳ ಬಾಗಿಲಿಗೆ ಹೋಗಿ ನಿಂತೆ.

"ಏನೇ ಮಿರ್ತೋ, ಕಂಬದಂಗೆ ನಿಂತಿದೀಯ? ಲಾಕನ್ ವಿಷ್ಯಾನಾ?"

ತಲೆಯಾಡಿಸಿದೆ. ಲಾಕನ್ ನನ್ನ ಅಣ್ಣ. ರೋಮಿನ ಹಡಗುಗಳನ್ನು ಮೂತಿ ಹಿಡಿದೆತ್ತಲು ಆ ಮುದುಕ ಮಾಡಿಸಿದ್ದ ಕಬ್ಬಿಣದ ಪಂಜದ ಹಗ್ಗ ಎಳೆಯುತ್ತಿದ್ದವನು. ಆರ್ತೆಮಿಸ್ ದೇವಿಯ ಹಬ್ಬಕ್ಕೆ, ಮುತ್ತಿಗೆಯಲ್ಲಿದ್ದ ಊರಿನಲ್ಲಿ ರೊಟ್ಟಿಯಿರಲಿಲ್ಲ. ಹಿರಿಯರು ದ್ರಾಕ್ಷಾರಸ ಹಂಚಿದರು. ಹಸಿದ ಹೊಟ್ಟೆಗೆ ಅದನ್ನೇ ಸುರಿದುಕೊಂಡು ಕಾವಲಿನವರೆಲ್ಲ ಕೋಟೆ ಗೋಡೆಯ ಮೇಲೆ ಮಲಗಿದ್ದಾಗ ರೋಮಿನವರು ಏಣಿ ಹಾಕಿದರು. ಅಂದು ಸಿಕ್ಕಿಬಿದ್ದ ಅಣ್ಣ ಈಗ ಬಂದರಿನಲ್ಲಿದ್ದ. ಗುಲಾಮರ ಹಡಗು ಸಂಜೆಗೆ ಹೊರಡುವುದಿತ್ತು.

"ಬಿಡಿಸ್ಬೇಕಂದ್ರೆ ಅವನು ನನ್ನ ಮಗ ಅಂತ, ಪೈರು ಕಾಯೋ ತಾಯಿ-ಮಗಳು ದೇವಿಯರ ಮೇಲೆ ಆಣೆ ಇಡ್ಬೇಕು. ಸುಳ್ಳು ಆಣೆ ಕಣೇ. ವಂಶಾನೇ ಒಣಗಿಸಿಬಿಡ್ತಾರೆ." ಹಾಗೆನ್ನುತ್ತಲೇ ಪೆಟ್ಟಿಗೆಯಿಂದ ಆಣೆಯಿಡುವಾಗ ಹೊದೆಯುವ ಕೆನ್ನೀಲಿ ವಸ್ತ್ರವನ್ನು ಎಳೆದಳು. "ಒಣಗೋಕೆ ವಂಶ ಎಲ್ಲಿದೆ? ಇದ್ದಿಬ್ರು ಮಕ್ಕಳೂ ಗೋಡೆ ಮೇಲೇ ಹೋದ್ರು. ನಡಿ. ಅವನಿಗೆ ಮಾತ್ರ ಬಾಯಿ ಮುಚ್ಕೊಂಡಿರೋಕೆ ಹೇಳು."

ಬಂದರಿನಲ್ಲಿ ಅತ್ತೆ ಉರಿಯುವ ಪಂಜು ಹಿಡಿದು ಆಣೆಯಿಟ್ಟಳು. ನಮ್ಮ ಭಾಷೆ ಬಲ್ಲ ರೋಮಿನ ಅಧಿಕಾರಿ ತಾನೇ ಬಗ್ಗಿ ಅಣ್ಣನ ಕಟ್ಟು ಬಿಚ್ಚತೊಡಗಿದ.

"ಆಹಾ, ಎಂಥಾ ಮುದುಕ! ನಮ್ಮ ಹಡಗುಗಳನ್ನ ಬೆಕ್ಕಿನಮರಿ ಎತ್ತಿದಂಗೆ ಎತ್ತಿ ಒಗೆದ. ಒಬ್ಬನೇ! ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅವನದೇ ಮಾತು ಬಿಡು."

"ಒಬ್ಬನೇನಾ?" ಅಂದ ಅಣ್ಣ.

ನಾನು ಅವನ ಕಾಲು ತುಳಿದೆ.

"ಸುಮ್ನಿರೇ. ಅವನು ಬೆರಳಲ್ಲಿ ಎತ್ತಿದ್ನಾ ಸ್ವಾಮಿ? ಎಳೆದೋರು ನಾವು. ನನ್ನ ಮಗ್ಗುಲಲ್ಲಿದ್ದ ಸಿಮೋಸ್, ಹಗ್ಗ ಹರಿದು ಬಡಿದು ಅಲ್ಲೇ ಸತ್ತ. ನಿಮ್ಮ ಮೊಮ್ಮಕ್ಕಳು ಅವನ ಮಾತಾಡ್ತಾರಾ?"

ಅಧಿಕಾರಿಯ ಕೈ ಗಂಟಿನ ಮೇಲೆಯೇ ನಿಂತಿತು. ಅಣ್ಣನ ಅಂಗೈ ತಿರುಗಿಸಿ, ಹಗ್ಗ ಕೊರೆದ ಗೆರೆಗಳನ್ನು ನೋಡಿದ.

"ನೀವು ಎತ್ತಿ ಒಗೆದ ಒಂದು ಹಡಗಲ್ಲಿ ನನ್ನ ತಮ್ಮ ಇದ್ದ," ಎಂದು, ಬಿಚ್ಚಿದ್ದನ್ನು ಬಿಗಿಯಾಗಿ ಕಟ್ಟಿದ. ಮುದುಕನ ಮೇಲೆ ಅವನಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ.

ಅತ್ತೆ ಪಂಜನ್ನು ನೀರಿಗೆ ಅದ್ದಿದಳು. "ಆಣೇನೂ ಹೋಯ್ತು, ಹುಡುಗನೂ ಹೋದ. ಒಂದು ಗಳಿಗೆ ಬಾಯಿ ಮುಚ್ಕೊಂಡಿದ್ದಿದ್ರೆ..."

"ಅವನು ಹೇಳಿದ್ದು ಸುಳ್ಳಲ್ಲ ಅತ್ತೆ." ಅಂದು ನಾನಾಡಿದ್ದು ಅದೊಂದೇ ಮಾತು.

ಹಿಂದಿರುಗುವಾಗ ಮುದುಕನ ಗೋರಿಯ ಮೇಲೆ, ಅವನ ಗಣಿತದ ಗುರುತಾಗಿ, ಕಲ್ಲಿನ ಗೋಳವನ್ನು ಏರಿಸುತ್ತಿದ್ದರು. ಮೇಸ್ತ್ರಿ "ಎಳೀರೋ, ಎಳೀರೋ" ಎಂದು ಕೂಗುತ್ತಿದ್ದ. ಹಗ್ಗ ಎಳೆಯುತ್ತಿದ್ದವರೆಲ್ಲ ನಮ್ಮೂರಿನ ಕೈದಿಗಳು.