ಗರಗಸ ತಣಿಯುವವರೆಗೆ

ಮಗಳು ಪೆಟ್ರೋಲು ಗರಗಸದ ಹಿಂದಿನ ಹಿಡಿಯನ್ನು ಕಾಲಿನಿಂದ ನೆಲಕ್ಕೊತ್ತಿ ಹಗ್ಗವನ್ನು ಇನ್ನೊಮ್ಮೆ ಎಳೆದಳು. ಮಿಷನ್ನು ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ ಒಂದು ಸದ್ದು ಮಾಡಿ ಸುಮ್ಮನಾಯಿತು.

"ಚೋಕ್ ಎಳಿ," ಎಂದ ಅವಳ ಸೋದರಮಾವ.

"ಬಿಸಿ ಇರುವಾಗ ಚೋಕ್ ಎಳೆದ್ರೆ ಪೆಟ್ರೋಲು ತುಂಬ್ಕೊಂಡು ಕೂತುಬಿಡತ್ತೆ ಮಾವ."

"ಆಗ ಒಂದೇ ಏಟಿಗೆ ಶುರುವಾಯ್ತಲ್ಲ?"

"ಆಗ ತಣ್ಣಗಿತ್ತು."

ಮಾವ ಹಿಂತಿರುಗಿ ಮನೆಯ ಕಡೆ ನೋಡಿದ. ದಾರಿಯ ಆ ತುದಿಯಲ್ಲಿ ಅಂಗಳ ಕಾಣುತ್ತಿತ್ತು. ಅಂಗಳದಲ್ಲಿ ಹಲಗೆಯ ಮೇಲೆ ಅವನ ಭಾವ, ಅವಳ ಅಪ್ಪ, ಮಲಗಿದ್ದರು. ಸುತ್ತ ನಿಂತವರೆಲ್ಲ ಇತ್ತ ಕಿವಿಗೊಟ್ಟಿದ್ದರು. ಗರಗಸದ ಸದ್ದು ನಿಂತು ಎಷ್ಟು ಹೊತ್ತಾಯಿತೆಂಬುದು ಅಲ್ಲಿದ್ದವರಿಗೂ ಗೊತ್ತಿತ್ತು.

ಮಣ್ಣು ಮಾಡುವ ಜಾಗಕ್ಕೆ ಹೋಗಲು ಇದೊಂದೇ ಕಾಲುದಾರಿ. ಅದಕ್ಕೆ ಅಡ್ಡವಾಗಿ ಒಂದು ದೊಡ್ಡ ಮರ ಬಿದ್ದಿತ್ತು. ಬುಡ ಟೊಳ್ಳಾಗಿ, ದಾರಿಯಲ್ಲಿ ಹೋಗುವವರ ತಲೆಮೇಲೆ ಬೀಳುವ ಹಾಗಿದ್ದ ಅದನ್ನು ನಿನ್ನೆ ಬೆಳಗ್ಗೆ ಉರುಳಿಸಿದವರು ಭಾವನೇ. ಕೊಂಬೆಗಳನ್ನೆಲ್ಲ ಕೊಯ್ದು, ಇನ್ನು ಬೊಡ್ಡೆಗೆ ಗರಗಸ ಇಡಬೇಕೆನ್ನುವಾಗ ಮಿಷನ್ನು ನಿಂತಿತು. ಅದು ತಣಿಯಲಿ ಎಂದು ಬೊಡ್ಡೆಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಇವತ್ತು ಮಗಳು ಅದೇ ಗರಗಸ ಹಿಡಿದು ಬೊಡ್ಡೆಯ ಒಂದು ಕಡೆ ಕೊಯ್ದಿದ್ದಳು. ಇನ್ನೊಂದು ಕಡೆ ಕೊಯ್ದರೆ ನಡುವಿನ ತುಂಡನ್ನು ಉರುಳಿಸಿ ದಾರಿ ಬಿಡಿಸಬಹುದಿತ್ತು. ಅಷ್ಟರಲ್ಲಿ ಪೆಟ್ರೋಲು ಮುಗಿಯಿತು. ತುಂಬಿಸಿದ ಮೇಲೆ ಮಿಷನ್ನು ಜಪ್ಪಯ್ಯ ಅಂದರೂ ಶುರುವಾಗಲಿಲ್ಲ.

"ಊರವರ ಮಿಷನ್ನೆಲ್ಲ ರಿಪೇರಿ ಮಾಡಿದ್ರು ಭಾವ," ಎಂದ ಮಾವ. "ತಮ್ಮದೊಂದು ಮಾಡ್ಕೊಳ್ಳಲಿಲ್ಲ. ನಾನು ಎಷ್ಟು ಸಲ ಅಂದಿದೀನಿ, ಭಾವ, ನಿಮ್ಮ ಗರಗಸ ಹೊಸ ಅಳಿಯ ಇದ್ದ ಹಾಗೆ, ಊಟದ ಹೊತ್ತಾದ್ರೆ ಮಲಗಿಬಿಡತ್ತೆ ಅಂತ."

"ಅದಕ್ಕೆ ಅವನು ಏನಂತಿದ್ದ?" ಎಂದು ಕೇಳಿದವನು ಊರವರೆಲ್ಲ ಕುಳ್ಳ ಎಂದೇ ಕರೆಯುವ ಮುದುಕ. ಭಾವನ ಜೊತೆ ದಿಮ್ಮಿ ಉರುಳಿಸಿಯೇ ತಲೆ ಹಣ್ಣಾದವನು. ಇವತ್ತು ಹೆಣ ಹೊರಲು ಬಂದಿದ್ದ.

"ಏನಂತಾರೆ? ನಗ್ತಿದ್ರು."

ಮಗಳು ಪೇಟೆಯಲ್ಲಿ ಬೈಕು ರಿಪೇರಿ ಅಂಗಡಿ ಇಟ್ಟವಳು. ಮಿಷನ್ನಿನ ಭಾಗಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಟ್ಯಾಂಕಿನ ಮುಚ್ಚಳ ಸಡಿಲಿಸಿದಳು. ಒಳಗೆ ಗಾಳಿ ಕಟ್ಟಿಕೊಂಡಿರಲಿಲ್ಲ. ಪ್ಲಗ್ ಬಿಚ್ಚಿದಳು, ಒದ್ದೆಯಾಗಿತ್ತು, ಅಂದರೆ ಪೆಟ್ರೋಲು ಬರುತ್ತಿತ್ತು. ಒರೆಸಿ, ಮತ್ತೆ ವಯರಿಗೆ ಸಿಕ್ಕಿಸಿ, ಮಿಷನ್ನಿನ ಮೈಗೆ ತಾಗಿಸಿ ಹಿಡಿದು ಮಾವನಿಗೆ ಹಗ್ಗ ಎಳೆಯಲು ಹೇಳಿದಳು.

"ಕಿಡಿ ಇಲ್ಲ," ಎಂದಳು. "ಕಾಯಿಲ್ ಹೋಗಿದೆ. ತಣ್ಣಗಿದ್ದಾಗ ಕಿಡಿ ಕೊಡತ್ತೆ, ಕಾದ ಮೇಲೆ ಕೊಡಲ್ಲ. ಅಪ್ಪಂಗೆ ಇದು ಗೊತ್ತಾಗಿಲ್ಲ ಅಂದ್ರೆ ನಾನು ನಂಬಲ್ಲ."

"ಸುತ್ತಿಕೊಂಡು ಟಾರು ರಸ್ತೆಯಲ್ಲಿ ಹೋಗೋಣ," ಎಂದ ಮಾವ. "ವ್ಯಾನಿಗೆ ಹೇಳ್ತೀನಿ. ಕತ್ತಲಾದ ಮೇಲೆ ಮಣ್ಣು ಮಾಡೋಕಾಗತ್ತಾ?"

"ಅಮ್ಮ ಒಪ್ಪಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಅವರನ್ನ ಸುತ್ತುದಾರೀಲಿ ಕರ್ಕೊಂಡು ಹೋಗಬೇಡಿ ಅಂದಿದಾಳೆ. ಬೇರೆ ಮಿಷನ್ನೂ ಬೇಡವಂತೆ."

"ನಿಮ್ಮಮ್ಮನ ಹಟ ನಂಗೊತ್ತಿಲ್ವಾ? ಅವಳ ಜೊತೆ ಬೆಳೆದೋನು ನಾನು."

ಮಗಳು ಅಪ್ಪನ ತಗಡಿನ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡಳು. ಸ್ಪ್ಯಾನರು, ಅರ, ಹಳೆಯ ಚೈನು. ಎಲ್ಲದರ ಅಡಿಯಲ್ಲಿ ಬಟ್ಟೆಯ ಗಂಟೊಂದು ಕೈಗೆ ಸಿಕ್ಕಿತು. ಬಿಚ್ಚಿದರೆ ಒಳಗೆ ರಟ್ಟಿನ ಡಬ್ಬಿ. ಡಬ್ಬಿಯೊಳಗೆ ಹೊಚ್ಚ ಹೊಸ ಕಾಯಿಲ್. ಡಬ್ಬಿಯ ಮೇಲಿನ ಅಕ್ಷರಗಳು ಮಾಸಿಹೋಗಿದ್ದವು. ಒಂದು ಸಲವೂ ಹಾಕಿ ನೋಡಿದ್ದಲ್ಲ.

ಸುತ್ತಿದ್ದ ಬಟ್ಟೆ ಮಾತ್ರ ಹಳೆಯದಾಗಿರಲಿಲ್ಲ. ನೀಲಿ ಹೂವಿನದು. ಹೋದ ವರ್ಷ ಅಮ್ಮನಿಗೆ ತಾನೇ ಕೊಡಿಸಿದ ಸೀರೆಯ ರವಿಕೆ ಹೊಲಿಸಿ ಉಳಿದ ತುಂಡು ಎಂದು ಮಗಳಿಗೆ ಗುರುತು ಸಿಕ್ಕಿತು.

*

ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ ಆ ಮನೆಯಲ್ಲಿ ಗಂಡಹೆಂಡಿರು ಮಾತಾಡಲು ಒಂದು ಮೂಲೆಯಿರಲಿಲ್ಲ. ಅತ್ತೆ, ಮಾವ, ಮೈದುನಂದಿರು, ಅವರ ಮಕ್ಕಳು. ರಾತ್ರಿ ಪಿಸುಗುಟ್ಟಿದರೆ ಗೋಡೆಯಾಚೆಯಿಂದ ಕೆಮ್ಮು ಕೇಳುತ್ತಿತ್ತು. ಅವಳು ಬುತ್ತಿ ಹೊತ್ತುಕೊಂಡು ಮರ ಕೊಯ್ಯುವಲ್ಲಿಗೆ ಹೋದರೆ ಅಲ್ಲಿ ಗರಗಸದ ಗಲಾಟೆ. ಬುತ್ತಿ ಇಟ್ಟು, ಖಾಲಿ ಪಾತ್ರೆ ಎತ್ತಿಕೊಂಡು ಬರುವಳು.

ಒಂದು ದಿನ ಮಿಷನ್ನು ನಿಂತಿತು. ಅವನು ಹಗ್ಗ ಎಳೆದೂ ಎಳೆದೂ ಸೋತು, ಬಿದ್ದ ಮರದ ಮೇಲೆ ಅವಳ ಪಕ್ಕ ಬಂದು ಕೂತ.

"ಏನಾಯ್ತು?" ಎಂದು ಕೇಳಿದಳು.

"ಬಿಸಿಯಾಗಿದೆ. ತಣ್ಣಗಾಗಬೇಕು."

ಬೇರೆ ಕೆಲಸವಿರಲಿಲ್ಲವಾಗಿ ಮಾತಾಡಿದರು. ಅವನಿಗೆ ಈಜು ಬರುವುದಿಲ್ಲವೆಂದು ಅವಳಿಗೆ ಅಂದು ತಿಳಿಯಿತು. ಅವಳಿಗೆ ಸಿಳ್ಳೆ ಹಾಕಲು ಬರುತ್ತದೆಂದು ಅವನಿಗೆ ತಿಳಿಯಿತು. ಬೇರೆ ಮನೆ ಮಾಡುವ ಮಾತು, ಮಗಳು ಓದು ಬಿಟ್ಟು ಸ್ಪ್ಯಾನರು ಹಿಡಿಯುತ್ತೇನೆಂದಾಗ ಹೂಂ ಅನ್ನುವ ಮಾತು, ಎಲ್ಲ ಮುಂದೆ ಹೀಗೇ ಯಾವುದೋ ಮರದ ಮೇಲೆ ಕೂತು ಆದವು. ನಡುನಡುವೆ ಅವನು ಬಗ್ಗಿ, ಅಂಗೈಯ ಹಿಂಬದಿಯನ್ನು ಮಿಷನ್ನಿಗೆ ತಾಗಿಸಿ ನೋಡುವನು.

"ಇನ್ನೂ ಬಿಸಿ ಇದೆ," ಎನ್ನುವನು.

ಒಮ್ಮೆ ಅವಳು ಸುಮ್ಮನೆ ತಾನೂ ಮುಟ್ಟಿ ನೋಡಿದಳು. ಮಿಷನ್ನು ಹೂಜಿಯ ಹಾಗೆ ತಣ್ಣಗಿತ್ತು. ಅವಳು ಕೈ ತೆಗೆದು, ಅರ್ಧಕ್ಕೆ ನಿಂತಿದ್ದ ಮಾತನ್ನು ಮುಂದುವರಿಸಿದಳು.

*

"ಅಮ್ಮ, ಇದೇನು?"

ಅಮ್ಮ ತಂಬಿಗೆಯಲ್ಲಿ ನೀರು ಹಿಡಿದು ಬಂದಿದ್ದಳು. ಅಂಗಳದಲ್ಲಿ ಅಷ್ಟು ಜನರಿದ್ದರೂ ಮರ ಕೊಯ್ಯುವವರಿಗೆ ನೀರು ತರುವುದನ್ನು ಬೇರೆಯವರಿಗೆ ಬಿಟ್ಟಿರಲಿಲ್ಲ. ಮಗಳ ಕೈಯಲ್ಲಿದ್ದುದನ್ನು ನೋಡಿ ತಂಬಿಗೆಯನ್ನು ಕುಳ್ಳನಿಗೆ ಕೊಟ್ಟಳು.

"ಕಾಯಿಲ್ ಅಲ್ವಾ," ಎಂದಳು.

"ನಿನಗೆ ಗೊತ್ತಿತ್ತಾ?"

"ನೀನು ಇನ್ನೂ ಸ್ಕೂಲಿಗೆ ಹೋಗ್ತಿದ್ದೆ, ಆಗ ತಂದಿಟ್ಕೊಂಡಿದ್ರು. ಇವತ್ತು ಹಾಕ್ತಾರೆ, ನಾಳೆ ಹಾಕ್ತಾರೆ ಅಂತ ನೋಡಿದೆ. ಹಾಕಲಿಲ್ಲ."

"ಮತ್ತೆ ಈ ಬಟ್ಟೆ?"

"ಮೊದಲಿನದು ಎಣ್ಣೆ ಹಿಡಿದಿತ್ತು. ಬದಲಾಯಿಸ್ತಿರ್ತಿದ್ದೆ."

"ಅಪ್ಪಂಗೆ ಗೊತ್ತಾಗ್ತಿರಲಿಲ್ವಾ?"

"ಬಟ್ಟೆಯ ಬಣ್ಣ ಕಾಣಲ್ವಾ ಅವರಿಗೆ?" ಎಂದಳು ಅಮ್ಮ. "ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಕುಳ್ಳ ನೀರು ಕುಡಿಯುವುದನ್ನು ನಿಲ್ಲಿಸಿದ. "ಥೂ ಇವನ," ಎಂದು ಮೆಲ್ಲಗೆ ನಕ್ಕ. "ನಾನು ಅಷ್ಟು ವರ್ಷ ಆ ಗರಗಸಕ್ಕೆ ಬೈದೆನಲ್ಲಪ್ಪ."

ಮಾವ ನಗಲಿಲ್ಲ. ಅವನ ಕಣ್ಣು ಇಳಿಯುತ್ತಿದ್ದ ಬಿಸಿಲಿನ ಮೇಲಿತ್ತು. "ಸರಿ, ಈಗಲಾದ್ರೂ ಹಾಕು ಮಗಳೇ. ಎಷ್ಟು ಹೊತ್ತು ಬೇಕು?"

"ಬಿಚ್ಚಿ ಹಾಕಿದ್ರೆ ಆಯ್ತು," ಎಂದು ಮಗಳು ಸ್ಕ್ರೂಡ್ರೈವರು ಹುಡುಕಿದಳು.

"ಬೇಡ," ಎಂದಳು ಅಮ್ಮ.

"ಅಕ್ಕ, ಹೊತ್ತು ಹೋಗ್ತಿದೆ."

"ತಣ್ಣಗಾದ್ರೆ ತಾನೇ ಶುರುವಾಗತ್ತೆ. ಕೂತ್ಕೊಳ್ಳಿ."

ಅವಳು ಹೋಗಿ ಬೊಡ್ಡೆಯ ಮೇಲೆ ಕೂತಳು. ನಿನ್ನೆ ಗಂಡನ ಪಕ್ಕ ಕೂತಿದ್ದ ಜಾಗವೇ. ಮಗಳು ಕಾಯಿಲನ್ನು ಮತ್ತೆ ನೀಲಿ ಹೂವಿನ ಬಟ್ಟೆಯಲ್ಲಿ ಸುತ್ತಿ ಗರಗಸವನ್ನು ಅಮ್ಮನ ಕಾಲ ಬಳಿ ತಂದಿಟ್ಟು, ಅವಳ ಪಕ್ಕ ಕೂರಲು ಹೋದಳು.

"ಈ ಕಡೆ ಬಾ," ಎಂದು ಅಮ್ಮ ಎಡಕ್ಕೆ ಕರೆದಳು. ಬಲಗಡೆ ಒಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯಿತು. ಕುಳ್ಳ ಅದರಾಚೆ ಕೂತ.

"ನಿನ್ನೆ ಇಲ್ಲೇ," ಎಂದಳು ಅಮ್ಮ. "ಮುಟ್ಟಿ ನೋಡಿ ಇನ್ನೂ ಬಿಸಿ ಅಂದ್ರು. ಹಿಂದೆ ಉಳಿದಿದ್ದ ಕೊಂಬೆಯ ಮೋಟಿಗೆ ಒರಗಿದ್ರು. ನಾನು ನಮ್ಮ ಕೋಳಿ ಪಕ್ಕದ ಮನೆ ಅಟ್ಟದಲ್ಲಿ ಮೊಟ್ಟೆ ಇಟ್ಟ ಕತೆ ಹೇಳ್ತಿದ್ದೆ. ಪೂರ್ತಿ ಹೇಳಿ ಮುಗಿಸಿದೆ. ಆಮೇಲೆ ನೋಡ್ತೀನಿ, ಹೂಂ ಅಂದಿಲ್ಲ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಎಲ್ಲಿವರೆಗೆ ಕೇಳಿಸಿಕೊಂಡ್ರೋ."

"ಮೊಟ್ಟೆವರೆಗಂತೂ ಕೇಳಿರ್ತಾನೆ," ಎಂದ ಕುಳ್ಳ. "ಮೊಟ್ಟೆ ಅಂದ್ರೆ ಅವನಿಗೆ ಪ್ರಾಣ."

ಅಮ್ಮನಿಗೆ ನಗು ಬಂತು. ನಗುತ್ತಲೇ ಅತ್ತಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ. ಮಗಳು ಅವಳ ಬೆನ್ನ ಮೇಲೆ ಕೈಯಿಟ್ಟಳು. ಮಾತು ಕೋಳಿಯಿಂದ ಈಜಿಗೆ, ಈಜಿನಿಂದ ಸಿಳ್ಳೆಗೆ ಹೋಯಿತು. ಕುಳ್ಳ ಒಂದು ಹೇಳಿದರೆ ಅಮ್ಮ ಎರಡು ಹೇಳಿದಳು. ಬಿಸಿಲು ಬೊಡ್ಡೆಯಿಂದ ಇಳಿದು ಹುಲ್ಲಿನ ಮೇಲೆ ಹೋಯಿತು.

ಮಾವ ಮಾತ್ರ ಕೂರದೆ ಅತ್ತಿತ್ತ ಓಡಾಡುತ್ತಿದ್ದ. ಕೊನೆಗೆ ತಡೆಯಲಾರದೆ ಬಂದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಗರಗಸದ ಮೇಲಿಟ್ಟ. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು.

ಅಕ್ಕ ಮಾತು ನಿಲ್ಲಿಸಿ ತಮ್ಮನ ಮುಖ ನೋಡಿದಳು.

ಅವನು ಕೈಯನ್ನು ಹಾಗೇ ಇಟ್ಟುಕೊಂಡಿದ್ದ.

"ಇನ್ನೂ ಸ್ವಲ್ಪ ಬಿಸಿ ಇದೆ ಅಕ್ಕ," ಎಂದ. ಆಮೇಲೆ ಖಾಲಿ ಜಾಗವನ್ನು ಹಾಗೇ ಬಿಟ್ಟು, ಕುಳ್ಳನ ಆಚೆ ಹೋಗಿ ಕೂತ.