ಡಿಸ್ಕಸ್ ಮುಂದಿನ ಸೊನ್ನೆ

ನಾನು ಒಂದು ಇಂಗ್ಲಿಷ್ ಟೈಪ್‌ರೈಟರ್. ಹುಟ್ಟಿದ್ದು ಕಲ್ಕತ್ತೆಯ ಕಾರ್ಖಾನೆಯಲ್ಲಿ. ಮೈಯೆಲ್ಲ ಉಕ್ಕು, ಗಂಟಲು ಸ್ವಲ್ಪ ಜೋರು. ಹುಬ್ಬಳ್ಳಿಯ ವಕೀಲರೊಬ್ಬರ ಮೇಜಿನ ಮೇಲೆ ಎಂಟು ವರ್ಷ ಖಟಖಟ ಎಂದೆ. ಅವರು ತೀರಿಕೊಂಡ ಮೇಲೆ ಸಣ್ಣ ಊರೊಂದರ ಪುರಸಭೆಗೆ ಬಂದೆ.

ಅಲ್ಲಿನ ಮುಖ್ಯಾಧಿಕಾರಿ ಇನಾಮದಾರ ಸಾಹೇಬರಿಗೆ ತಮ್ಮ ಇಂಗ್ಲಿಷಿನ ಮೇಲೆ ಬಲು ಅಭಿಮಾನ. ಯಾವ ಪತ್ರವಿರಲಿ, 'ಡಿಸ್ಕಸ್ ಅಬೌಟ್' ಎಂದೇ ಬರೆಸುವರು. ಕನ್ನಡದಲ್ಲಿ ನಾವು ನೀರಿನ ಬಗ್ಗೆ ಚರ್ಚಿಸುತ್ತೇವಲ್ಲ, ಆ 'ಬಗ್ಗೆ'ಯನ್ನು ಕೈಹಿಡಿದು ಇಂಗ್ಲಿಷಿಗೂ ಕರೆದೊಯ್ಯುತ್ತಿದ್ದರು. ನಾನೂ ನಾಚಿಕೆಯಿಲ್ಲದೆ ಸಾವಿರ ಸಲ ಬಡಿದೆ.

ಒಂದು ದಿನ ನೀಲಗಂಗಾ ಟೈಪಿಸ್ಟ್ ಕೆಲಸ ಕೇಳಿಕೊಂಡು ಬಂದಳು. ಮೂರು ಕಡೆ ಇಲ್ಲ ಅನ್ನಿಸಿಕೊಂಡವಳು. ಮನೆಗೆ ಅವಳೊಬ್ಬಳೇ ದಿಕ್ಕು. ಚೀಲದಲ್ಲೊಂದು ನೋಟ್‌ಬುಕ್ಕು. ಯಾವ ಇಂಗ್ಲಿಷ್ ಪದಕ್ಕೆ ಯಾರು ಜೋಡಿ ಎಂದು ಬರೆದುಕೊಂಡಿದ್ದಳು: ವೇಟ್‌ಗೆ ಫಾರ್, ಡಿಪೆಂಡ್‌ಗೆ ಆನ್. ಡಿಸ್ಕಸ್ ಮುಂದೆ ಮಾತ್ರ ದೊಡ್ಡ ಸೊನ್ನೆ.

ಸಾಹೇಬರು ಹೇಳುವ ಪತ್ರವನ್ನು ತಪ್ಪಿಲ್ಲದೆ ಟೈಪ್ ಮಾಡಿದರೆ ಕೆಲಸ. 'ಡಿಸ್ಕಸ್' ಆದಮೇಲೆ ಅವಳ ಬೆರಳು ನನ್ನ 'ಎ' ಕೀಲಿಯ ಮೇಲೆ ಬಂದು ನಿಂತಿತು. ಆದರೆ ಒತ್ತಲಿಲ್ಲ. ಮುಂದಿನ ಪದಕ್ಕೆ ಹೋಯಿತು.

"ಅಬೌಟ್ ಎಲ್ಲಿ ನುಂಗಿದಿ?" ಸಾಹೇಬರು ಹಾಳೆ ನೋಡಿ ಕೇಳಿದರು.

"ನುಂಗಿಲ್ರಿ ಸರ, ಬೇಕಂತನ ಬಿಟ್ಟೀನ್ರಿ. ನಮ್ಮ ಚರ್ಚೆಗೆ 'ಬಗ್ಗೆ' ಬೇಕ್ರಿ. ಡಿಸ್ಕಸ್‌ನ ಹೊಟ್ಟ್ಯಾಗ ಅದು ಮೊದಲ ಐತ್ರಿ."

"ಹೇಳಿದ್ದು ಬಡಿಯೂದು ನಿನ್ನ ಕೆಲಸ. ಹಾಕ್ತೀಯೋ, ಮನಿಗೆ ಹೋಗ್ತೀಯೋ?"

ಅವಳು ನನ್ನ ಮೇಲಿಂದ ಕೈ ತೆಗೆಯಲಿಲ್ಲ. ನನಗೆ ಭಯವಾಯಿತು.

"ಡಿಕ್ಷನರಿ ನೋಡ್ರಿ ಸರ. ನಂದು ತಪ್ಪಿದ್ರ ನಾನ ಎದ್ದು ಹೋಗ್ತೀನ್ರಿ."

ಕಪಾಟಿನಿಂದ ಡಿಕ್ಷನರಿ ಇಳಿಯಿತು. ಸಾಹೇಬರು ಕನ್ನಡಕ ಏರಿಸಿ ಒಂದೇ ಪುಟವನ್ನು ಎರಡು ಸಲ ಓದಿದರು. ಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಇನ್ನೊಂದು ಹಾಳೆ ಎಳೆದುಕೊಂಡು ಮೆಲ್ಲಗೆ ಕೇಳಿದರು:

"ನೀಲಗಂಗಾ ಅವರ, ಈ 'ಕಾಂಪ್ಲೈ' ಮುಂದ ಏನ್ ಹಾಕಬೇಕ್ರಿ?"

"ವಿತ್ ರಿ ಸರ."

'ನೀನು' ಹೋಗಿ 'ಅವರು' ಬಂದಿತ್ತು. ಸಾಹೇಬರು ಸಣ್ಣ ಮನಸ್ಸಿನವರಲ್ಲ ಎಂದು ನನಗೆ ಅಂದೇ ತಿಳಿದದ್ದು.

ಇಪ್ಪತ್ತಾರು ವರ್ಷ ಅವಳು ನನ್ನೆದುರು ಕೂತಳು. ಈಗ ಕಂಪ್ಯೂಟರ್ ಬಂದಿದೆ, ನಾನು ಕಡತದ ಕೋಣೆಯ ಕಪಾಟಿನ ಮೇಲಿದ್ದೇನೆ. ಲಕ್ಷಗಟ್ಟಲೆ ಪದ ಬಡಿದ ಮೈ ಇದು, ತುಕ್ಕು ಹಿಡಿದರೂ ಬೀಗುವುದನ್ನು ಬಿಟ್ಟಿಲ್ಲ. ಇಂಗ್ಲಿಷಿನಲ್ಲಿ ಪ್ರೌಡ್ ಮುಂದೆ 'ಆಫ್' ಬರಬೇಕಂತೆ, ಅವಳ ನೋಟ್‌ಬುಕ್ಕಿನಲ್ಲಿದೆ. ನನ್ನ ಹೆಮ್ಮೆಯೆಲ್ಲ ಅಂದು ನಾನು ಬಡಿಯದೆ ಉಳಿದ ಆ ಐದು ಅಕ್ಷರಗಳದ್ದು.